ವ್ಯಾಕ್ಯೂಮ್ ಕ್ಲೀನರ್ ಒಬ್ಬ ಮನುಷ್ಯನನ್ನು ಹೀರಿದ ಬಗೆ

ಕಳೆದ ಚಿತ್ರಕ್ಕಾಗಿ ನಾನು ಮಾಡಿದ ಸಾವಿನ ದೃಶ್ಯವೊಂದನ್ನು ನೋಡಿ, ನನ್ನಂತೆ ತೆರೆಗಾಗಿ ಗಾಯ, ರಕ್ತ, ಗೊಂಬೆಗಳನ್ನು ಮಾಡುವ ಕೆಲಸದಲ್ಲಿರುವ ಹಲವರು ಅದು ಕಂಪ್ಯೂಟರ್ ಗ್ರಾಫಿಕ್ಸೇ ಆಗಿರಬೇಕೆಂದು ಪಟ್ಟು ಹಿಡಿದರು. ಗ್ರಾಫಿಕ್ಸ್ ಇಲ್ಲದೆ ಅದನ್ನು ಮಾಡಲು ಸಾಧ್ಯವೇ ಇಲ್ಲವೆಂದು ಚಿತ್ರೀಕರಣಕ್ಕೆ ಮೊದಲು ಹೇಳಿದ್ದವರೂ ಅವರೇ ಆಗಿದ್ದರಿಂದ, ನಡೆದದ್ದನ್ನು ಬರೆದಿಡುವ ಆಸೆಯಾಯಿತು. ಅಚ್ಚು ತೆಗೆಯುವುದು, ಸಿಲಿಕೋನ್ ಕಲಸುವುದು, ರಕ್ತದ ಪಂಪು ಕಟ್ಟುವುದು ಓದುಗರಿಗೆ ಗೊತ್ತಿದೆ ಎಂದೇ ಭಾವಿಸಿ ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನಿಂದ ಬಂದವು; ಐದು ಹತ್ತು ಹೆಚ್ಚುಕಡಿಮೆ ಇರಬಹುದು.

ಹೆದರಿಸುತ್ತಲೇ ನಗಿಸಬೇಕಾದ ಆ ದೃಶ್ಯ ಇಷ್ಟೇ. ಧೂಳು ಕಂಡರೆ ಸಿಡಿಮಿಡಿಗೊಳ್ಳುವ ಮನೆಯ ಯಜಮಾನನೊಬ್ಬ ದೆವ್ವ ಹಿಡಿದ ವ್ಯಾಕ್ಯೂಮ್ ಕ್ಲೀನರಿನ ಗುಂಡಿ ಒತ್ತುತ್ತಾನೆ. ಅದರ ಕೊಳವೆ ಅವನ ಅಂಗೈಯನ್ನು ಕಚ್ಚಿಕೊಳ್ಳುತ್ತದೆ. ಕೂಗಾಡದೆ, ಗಾಂಭೀರ್ಯ ಕೆಡಿಸಿಕೊಳ್ಳದೆ ಅವನು ಕೈ ಬಿಡಿಸಿಕೊಳ್ಳಲು ನೋಡುತ್ತಿರುವಾಗಲೇ, ಗಾಳಿ ಹೋದ ಬಲೂನಿನಂತೆ ಕಾಲಿನಿಂದ ಮೇಲಕ್ಕೆ ಸೊರಗುತ್ತಾ ಹೋಗುತ್ತಾನೆ. ಇತ್ತ ಯಂತ್ರದ ಬಟ್ಟೆಯ ಚೀಲ ಆಳೆತ್ತರಕ್ಕೆ ಉಬ್ಬುತ್ತದೆ. ಕೊನೆಗೆ ಚೀಲ ಒಡೆದು ಕೋಣೆಯೆಲ್ಲ ಕೆಂಪಾಗುತ್ತದೆ. ಮನುಷ್ಯನ ಮೈಯಲ್ಲಿರುವ ರಕ್ತ ಸುಮಾರು 5 ಲೀಟರ್. ನಾವು ಚೆಲ್ಲಿದ್ದು 60 ಲೀಟರಿನ ಆಸುಪಾಸು.

ಇದನ್ನು ಕತ್ತರಿಸದೆ, ಕೋಣೆಯೆಲ್ಲ ಕಾಣುವ ಒಂದೇ ವೈಡ್ ಶಾಟಿನಲ್ಲಿ, ಕ್ಯಾಮೆರಾ ಅಲ್ಲಾಡದಂತೆ ತೋರಿಸಬೇಕೆಂಬುದು ನನ್ನ ಹಟವಾಗಿತ್ತು. ಗೊಂಬೆಯೆಂದು ದೂರದಿಂದಲೇ ತಿಳಿದುಬಿಡುತ್ತದೆ ಎಂದು ಛಾಯಾಗ್ರಾಹಕರು ಹೇಳಿದರು. ಹನ್ನೆರಡು ತುಂಡು ಮಾಡಿದರೆ ಮಾತ್ರ ದೃಶ್ಯಕ್ಕೆ ವೇಗ ಬರುತ್ತದೆ ಎಂದು ಸಂಕಲನಕಾರರು ಹೇಳಿದರು. ನಿರ್ಮಾಪಕರು ಗ್ರಾಫಿಕ್ಸಿನವರಿಂದ ದರಪಟ್ಟಿಯನ್ನೇ ತರಿಸಿಟ್ಟುಕೊಂಡಿದ್ದರು. ಅದು ಚಿತ್ರದ ಇಡೀ ಮೇಕಪ್ ಖರ್ಚಿನ ಎರಡರಷ್ಟಿತ್ತೆಂಬುದೇ ನನ್ನನ್ನು ಉಳಿಸಿತು. ನನ್ನ ವಾದದಲ್ಲಿ ಅವರಿಗೆ ನಂಬಿಕೆ ಹುಟ್ಟಿತ್ತೆಂದು ನಾನು ಹೇಳಲಾರೆ.

ನನ್ನ ವಾದ ಸರಳವಾಗಿತ್ತು. ಅತಿರೇಕದ ಸಾವಿನಲ್ಲಿ ನಗು ಹುಟ್ಟುವುದು ರಕ್ತದ ಪ್ರಮಾಣದಿಂದಲ್ಲ, ರಕ್ತಕ್ಕೆ ಮುಂಚಿನ ಸ್ತಬ್ಧತೆಯಿಂದ. ಈ ಕೆಲಸಕ್ಕಿಳಿದ ಎಲ್ಲರಂತೆ ನನಗೂ ಕೆಲವು ವರ್ಷ ಲೀಟರಿನ ಜ್ವರ ಹಿಡಿದಿತ್ತು. 1992ರ ಹಾಸ್ಯಭಯಾನಕ ಚಿತ್ರ ‘ಬ್ರೇನ್‌ಡೆಡ್’ನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಹಿಡಿದು ನಾಯಕ ಹೆಣಗಳ ನಡುವೆ ನುಗ್ಗುವ ದೃಶ್ಯಕ್ಕೆ 300 ಲೀಟರ್ ಸುರಿದರಂತೆ ಎಂಬ ಮಾತು ಕೇಳಿ, ನಾನೂ ಒಂದು ಕಿರುಚಿತ್ರದಲ್ಲಿ 100 ಲೀಟರ್ ಸುರಿದೆ, ಒಬ್ಬರೂ ನಗಲಿಲ್ಲ. ಜಪಾನಿನ ನಿರ್ದೇಶಕ ಕುರೊಸಾವಾ ಅವರ 1962ರ ‘ಸಂಜುರೋ’ದ ಕೊನೆಯ ಕಾಳಗವನ್ನು ಮತ್ತೆ ನೋಡಿದಾಗ ತಪ್ಪು ತಿಳಿಯಿತು. ಅಲ್ಲಿ ಇಬ್ಬರು ಅಲುಗಾಡದೆ ನಿಂತೇ ಇರುತ್ತಾರೆ, ನೋಡುವವರ ಉಸಿರು ಕಟ್ಟುವಷ್ಟು ಹೊತ್ತು ನಿಂತಿರುತ್ತಾರೆ, ಆಮೇಲೆ ಒಂದೇ ಏಟಿಗೆ ಎದೆಯಿಂದ ಕಾರಂಜಿ ಚಿಮ್ಮುತ್ತದೆ. ಅದು ಹಾಸ್ಯವಲ್ಲ, ನಿಜ. ಆದರೆ ಆ ನಿಲುಗಡೆಯನ್ನು ತೆಗೆದು ಹಾಸ್ಯದಲ್ಲಿ ಕೂರಿಸಬಹುದೆಂದು ಹೊಳೆದದ್ದು ಅಲ್ಲಿಯೇ. ಪ್ಯಾರಿಸ್ಸಿನಲ್ಲಿ 1897ರಿಂದ 1962ರವರೆಗೆ ನಡೆದ ಗ್ರಾಂ ಗಿನ್ಯೋಲ್ ರಂಗಮಂದಿರದವರು ಒಂದೇ ಸಂಜೆಯಲ್ಲಿ ಭೀಕರ ನಾಟಕವನ್ನೂ ಪ್ರಹಸನವನ್ನೂ ಒಂದಾದ ಮೇಲೊಂದರಂತೆ ಆಡುತ್ತಿದ್ದರು. ನಾನು ಅವೆರಡನ್ನೂ ನಾಲ್ಕು ಸೆಕೆಂಡಿನೊಳಗೆ ತರಲು ಹೊರಟಿದ್ದೆ.

ಮೊದಲ ಸೋಲು ಗೊಂಬೆಯದು. ಪೂರ್ತಿ ಮೈಯನ್ನು ಟೊಳ್ಳು ಸಿಲಿಕೋನಿನಲ್ಲಿ ಎರಕ ಹೊಯ್ದು ಒಳಗಿನ ಗಾಳಿಯನ್ನು ಹೀರಿದರಾಯಿತೆಂದು ಭಾವಿಸಿದ್ದೆ. ಸಣ್ಣ ಮಾದರಿಯೊಂದನ್ನು ಮಾಡಿ ಗಾಳಿ ಎಳೆದಾಗ ಎದೆ ಮತ್ತು ಮುಖ ಮೊದಲು ಒಳಗೆ ಕುಸಿದು, ಕಾಲುಗಳು ಮಾತ್ರ ಕಂಬದಂತೆ ಉಳಿದವು. ನನಗೆ ಬೇಕಾಗಿದ್ದುದು ಅದರ ತಲೆಕೆಳಗು. ಅಷ್ಟರಲ್ಲಿ ನಿಜವಾದ ತಲೆಯ ಎರಕವೂ ಕೆಟ್ಟಿತು. ಪ್ಲಾಟಿನಮ್ ಬೆರೆಸಿ ಗಟ್ಟಿಯಾಗಿಸುವ ಸಿಲಿಕೋನ್ ಲ್ಯಾಟೆಕ್ಸ್ ರಬ್ಬರಿನ ಹತ್ತಿರ ಸುಳಿದರೆ ಗಟ್ಟಿಯಾಗುವುದಿಲ್ಲವೆಂಬುದು ನಮ್ಮಲ್ಲಿ ಯಾರಿಗೆ ತಿಳಿಯದು? ಆದರೂ ಸಹಾಯಕನೊಬ್ಬ ಲ್ಯಾಟೆಕ್ಸ್ ಕೈಗವಸು ತೊಟ್ಟು ಅಚ್ಚಿನ ಒಳಮೈಯನ್ನೆಲ್ಲ ಒರೆಸಿಟ್ಟಿದ್ದ. ಮರುದಿನ ಅಚ್ಚು ಬಿಚ್ಚಿದಾಗ ಒಂದು ಕೆನ್ನೆ ಮಾತ್ರ ಗಟ್ಟಿಯಾಗಿತ್ತು, ಉಳಿದದ್ದು ಅಂಟಂಟು ಲೋಳೆ. ಮೂರು ಕಿಲೋ ಸಿಲಿಕೋನ್, ಎಂದರೆ ಗೊಂಬೆಗೆಂದು ತೆಗೆದಿಟ್ಟ ಹಣದ ಅರ್ಧದಷ್ಟು, ಕಸದ ಬುಟ್ಟಿಗೆ ಹೋಯಿತು.

ಆ ನಷ್ಟವೇ ದಾರಿ ತೋರಿಸಿತು. ಪೂರ್ತಿ ಮೈ ಮಾಡಲು ಹಣವಿಲ್ಲದ್ದರಿಂದ ತಲೆಯನ್ನೂ ಎರಡು ಕೈಗಳನ್ನೂ ಮಾತ್ರ ಸಿಲಿಕೋನಿನಲ್ಲಿ ಮಾಡಿ, ಉಳಿದ ಮೈಯನ್ನು ಸೂಟು ತೊಡಿಸಿದ ರಬ್ಬರ್ ಚೀಲಗಳಿಂದ ಕಟ್ಟಿದೆ. ಎರಡು ಕಾಲಿಗೆ ಒಂದು ಚೀಲ, ಹೊಟ್ಟೆ ಎದೆಗಳಿಗೆ ಒಂದು, ಕುತ್ತಿಗೆ ತಲೆಗಳಿಗೆ ಒಂದು. ಮೂರಕ್ಕೂ ಬೇರೆ ಬೇರೆ ನಳಿಕೆ. ಭುಜದಿಂದ ಮೇಲಕ್ಕೆ ಎರಡು ತೆಳು ತಂತಿಗಳು ಗೊಂಬೆಯನ್ನು ಎತ್ತಿ ಹಿಡಿದಿದ್ದವು. ಗೋಡೆಯ ಹಿಂದೆ ಕುಳಿತು ಮೂರು ನಳಿಕೆಗಳನ್ನೂ ಬೆರಳಿನಲ್ಲೇ ಹಿಸುಕುತ್ತಾ, ಬಿಡುತ್ತಾ ಗಾಳಿ ಇಳಿಸಿದವನು ನಾನೇ. ಮೋಟಾರು ಕಟ್ಟೋಣವೆಂದು ಒಬ್ಬರು ಸೂಚಿಸಿದರು. ಮೋಟಾರಿಗೆ ಹಾಸ್ಯ ತಿಳಿಯುವುದಿಲ್ಲ. ಮೊಣಕಾಲು ಕುಸಿದ ಮೇಲೆ ಸೊಂಟ ಕುಸಿಯುವ ಮುನ್ನ ನಾನು ಕೊಟ್ಟ ಚಿಕ್ಕ ತಡೆಯಲ್ಲಿ ಆ ಗೊಂಬೆ ತನ್ನ ಪ್ಯಾಂಟನ್ನು ತಾನೇ ನೋಡಿಕೊಂಡಂತೆ ಕಂಡಿತು. ಅದು ಬೆರಳಿನಿಂದ ಮಾತ್ರ ಬರುವಂಥದು. ಗೋಡೆಯ ಹಿಂದಿನ ಈ ಕೆಲಸಕ್ಕೆ ಹಿರಿಯರ ಮೇಲ್ಪಂಕ್ತಿಯೂ ಇದೆ. 1980ರ ‘ಫ್ರೈಡೇ ದ ಥರ್ಟೀನ್ತ್’ನಲ್ಲಿ ಮಂಚದಡಿಯಿಂದ ಬಂದ ಬಾಣ ಕುತ್ತಿಗೆ ಸೀಳುವಾಗ ಪಂಪಿನ ಕೊಳವೆ ಕಳಚಿಕೊಂಡಿತು, ಆ ಚಿತ್ರದ ಮೇಕಪ್ ಕಲಾವಿದ ಟಾಮ್ ಸಾವಿನಿಯವರ ಸಹಾಯಕರು ಅದಕ್ಕೆ ಬಾಯಿಟ್ಟು ಊದಿದ್ದರಿಂದಲೇ ಇಂದಿಗೂ ನಾವು ಕಾಣುವ ಆ ಚಿಲುಮೆ ಬಂದಿತು.

ನಟನ ಜಾಗದಲ್ಲಿ ಗೊಂಬೆಯನ್ನು ತಂದು ನಿಲ್ಲಿಸುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಯಂತ್ರದಲ್ಲಿಯೇ. ಅಷ್ಟು ಜೋರಾಗಿ ಹೀರುವ ಯಂತ್ರ ಮನೆಯ ವಿದ್ಯುತ್ತನ್ನೂ ಹೀರಲೇಬೇಕಲ್ಲವೇ? ಕೋಣೆಯ ದೀಪ ಅರ್ಧ ಸೆಕೆಂಡ್ ಆರಿ ಮತ್ತೆ ಹತ್ತುತ್ತದೆ. ಆ ಕತ್ತಲಲ್ಲೇ ಕತ್ತರಿ ಬಿದ್ದಿದೆ. ಚಿತ್ರ ನೋಡಿದವರಲ್ಲಿ ಒಬ್ಬರೂ ಅದನ್ನು ಹಿಡಿಯಲಿಲ್ಲ. ಗೊಂಬೆ ನಿಲ್ಲಿಸಲು ಬೇಕಾದ ಮುಕ್ಕಾಲು ಗಂಟೆ ಕ್ಯಾಮೆರಾ ಕೂದಲೆಳೆಯಷ್ಟೂ ಸರಿಯಬಾರದಿತ್ತು. ಮೊದಲ ಸಲ ಯಾರದೋ ಕಾಲು ಟ್ರೈಪಾಡಿಗೆ ತಾಗಿ ಅರ್ಧ ದಿನದ ಬಾಡಿಗೆ ನೀರುಪಾಲಾಯಿತು. ಎರಡನೆಯ ಸಲ ಅದರ ಸುತ್ತ ಹಗ್ಗ ಕಟ್ಟಿ, ಕಾಲುಗಳ ಮೇಲೆ ಮರಳುಚೀಲ ಹೇರಿ, ಒಬ್ಬನನ್ನು ಕಾವಲಿಗೆ ಕೂರಿಸಿದೆವು.

ರಕ್ತದ ವಿಷಯದಲ್ಲಿ ನಾನು ಬಹಳ ಹಣ ಕಳೆದಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹಾಲಿವುಡ್ಡಿನ ಮೇಕಪ್ ಕಲಾವಿದ ಡಿಕ್ ಸ್ಮಿತ್ ಅವರ ಹೆಸರಿನಲ್ಲಿ ಎಲ್ಲರೂ ಬಳಸುವ ಕಾರ್ನ್ ಸಿರಪ್ಪಿನ (ಮೆಕ್ಕೆಜೋಳದ ಸಕ್ಕರೆ ಪಾಕ) ರಕ್ತ ಮುಖದ ಹತ್ತಿರದ ಶಾಟಿಗೆ ಇಂದಿಗೂ ಸರಿಸಾಟಿಯಿಲ್ಲದ್ದು. ಆದರೆ ಮೂಲ ಪಾಕದಲ್ಲಿದ್ದ, ಫೋಟೋ ಫಿಲಂ ತೊಳೆಯಲು ಬಳಸುವ ಫೋಟೋ-ಫ್ಲೋ ದ್ರವ ಬಾಯಿಗೆ ಹೋಗಬಾರದು, ಮತ್ತು ಸಿರಪ್ಪು ಉದ್ದದ ಕೊಳವೆಯಲ್ಲಿ ಹರಿಯುವುದಿಲ್ಲ, ತೆವಳುತ್ತದೆ. ಭಾರವೂ ಕಡಿಮೆಯಲ್ಲ, 60 ಲೀಟರ್ ಸಿರಪ್ಪೆಂದರೆ 80 ಕಿಲೋದಷ್ಟು. ಹಾಗಾಗಿ ಚಿಮ್ಮುವ ರಕ್ತಕ್ಕೆ ನೀರು ಮತ್ತು ಅದನ್ನು ದಪ್ಪಗೊಳಿಸುವ ಮೀಥೈಲ್ ಸೆಲ್ಯುಲೋಸ್ ಪುಡಿಯನ್ನು ಆರಿಸಿಕೊಂಡೆ. ಈ ಪುಡಿಯನ್ನು ನೇರವಾಗಿ ತಣ್ಣೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಬಿಸಿನೀರಿನಲ್ಲಿ ಕದಡಿ ಹರಡಿ, ಆರಲು ಬಿಟ್ಟರೆ ತಣ್ಣಗಾಗುತ್ತಾ ತಾನಾಗಿ ಕರಗಿ ದಪ್ಪವಾಗುತ್ತದೆ. ಅವಸರದಲ್ಲಿ ಒಮ್ಮೆ ತಣ್ಣೀರಿಗೇ ಸುರಿದು, ನಾಲ್ಕು ನಾಜಲುಗಳೂ ಕಟ್ಟಿಕೊಂಡು, ಒಂದು ಸಂಜೆಯೆಲ್ಲ ಸೂಜಿ ಹಿಡಿದು ಗಂಟು ಕೀಳುತ್ತಾ ಕುಳಿತಿದ್ದೆ. ಬಣ್ಣದ ಮಾತಾದರೆ, ತಿನ್ನುವ ಬಣ್ಣವೊಂದನ್ನೇ ಹಾಕಿದ ನೀರುರಕ್ತ ಬಿಳಿಗೋಡೆಯ ಮೇಲೆ ತೆಳುವಾದ ಕೂಡಲೇ ಗುಲಾಬಿಯಾಗಿಬಿಡುತ್ತದೆ. ಅದಕ್ಕೆ ಮೈ ಕೊಡಲು ನಾನು ಮೂರು ಪದಾರ್ಥ ಬೆರೆಸುತ್ತೇನೆ. ಒಂದು ಒಂದಿಷ್ಟು ಅಪಾರದರ್ಶಕ ಪುಡಿಬಣ್ಣ, ಇನ್ನೊಂದು ಹನಿಯಷ್ಟು ನೀಲಿ. ಮೂರನೆಯದು ನನ್ನಲ್ಲೇ ಇರಲಿ.

ಚೀಲ ಸಿಡಿಸುವುದರಲ್ಲಿ ಮೂರು ಸಲ ಸೋತೆ. ಮೊದಲು ಚೀಲದೊಳಗೇ ರಕ್ತ ತುಂಬಿದ್ದೆ. ಹೊಲಿಗೆ ಬಿಚ್ಚಿಕೊಂಡು, ಬಕೆಟ್ಟು ಉರುಳಿದಂತೆ ಎಲ್ಲವೂ ನೆಲಕ್ಕೆ ಸುರಿಯಿತು; ಭಯವೂ ಇಲ್ಲ, ನಗುವೂ ಇಲ್ಲ, ನೆಲ ಒರೆಸುವ ಕೆಲಸ ಮಾತ್ರ ಉಳಿಯಿತು. ಎರಡನೆಯ ಸಲ ಪಿವಿಸಿ ಕೊಳವೆಯಿಂದ ಗಾಳಿತುಪಾಕಿ ಕಟ್ಟಿದೆ. ನೀರಿನ ಒತ್ತಡಕ್ಕೆಂದು ಮಾಡಿದ ಪಿವಿಸಿ ಒತ್ತಿದ ಗಾಳಿಯಲ್ಲಿ ಬಿರಿದರೆ ಚೂರುಗಳು ಗುಂಡಿನಂತೆ ಹಾರುತ್ತವೆಂದು ಓದಿದ್ದೂ ಕಟ್ಟಿದ್ದು ನನ್ನ ಮೂರ್ಖತನ. ಬಿರಿದದ್ದು ಯಾರೂ ಹತ್ತಿರವಿಲ್ಲದ ಪರೀಕ್ಷೆಯ ವೇಳೆಯಲ್ಲಿ ಎಂಬುದಷ್ಟೇ ಅದೃಷ್ಟ. ಅಂದಿನಿಂದ ಉಕ್ಕಿನ ಒತ್ತಡದ ತೊಟ್ಟಿ ಮತ್ತು ಸುರಕ್ಷತಾ ವಾಲ್ವ್ ಇಲ್ಲದೆ ಗಾಳಿ ತುಂಬುವುದಿಲ್ಲ. ಮೂರನೆಯ ಸಲ ತೊಟ್ಟಿ ಸರಿಯಾಗಿತ್ತು, ಚೀಲವೇ ಒಡೆಯಲಿಲ್ಲ. 1981ರ ‘ಸ್ಕ್ಯಾನರ್ಸ್’ ಚಿತ್ರದ ತಲೆಯನ್ನು ಸಿಡಿಸಲು ಬೇರೆ ಉಪಾಯಗಳು ಫಲಿಸದೆ ಕೊನೆಗೆ ಹಿಂದಿನಿಂದ ಬಂದೂಕು ಹಾರಿಸಿದರೆಂಬುದನ್ನು ನೆನೆದು ಸಮಾಧಾನ ಮಾಡಿಕೊಂಡೆ.

ಫಲಿಸಿದ ಉಪಾಯದಲ್ಲಿ ಚೀಲದೊಳಗೆ ರಕ್ತದ ಒಂದು ಹನಿಯೂ ಇರಲಿಲ್ಲ. ಚೀಲವನ್ನು ಮೊದಲೇ ದಳದಳವಾಗಿ ಸೀಳಿ, ಸೀಳುಗಳನ್ನು ಒಳಗಿನಿಂದ ತೆಳುಕಾಗದದಿಂದ ಅಂಟಿಸಿ, ಸಣ್ಣ ಫ್ಯಾನಿನಿಂದ ಉಬ್ಬಿಸಿದೆವು. ಎಲ್ಲ ದಳಗಳಿಗೂ ಕಟ್ಟಿದ ದಾರವನ್ನು ಒಬ್ಬ ಎಳೆದ ಕ್ಷಣದಲ್ಲೇ, ಅದರ ಹಿಂದೆ ನೆಲದ ತೂತುಗಳಲ್ಲಿ ಅಡಗಿಸಿದ್ದ ನಾಲ್ಕು ನಾಜಲುಗಳು 60 ಲೀಟರನ್ನು ಹನ್ನೆರಡು ಸೆಕೆಂಡಿನಲ್ಲಿ ಕಾರಿದವು. ಯಂತ್ರ ಬರೀ ಚಿಪ್ಪಾಗಿತ್ತು, ವೈರೇ ಇರಲಿಲ್ಲ. ದೀಪಗಳನ್ನೆಲ್ಲ ಮೇಲೆ ತೂಗುಹಾಕಿ ನೆಲದ ಮೇಲೆ ಒಂದೂ ವಿದ್ಯುತ್ ತಂತಿ ಹಾಯದಂತೆ ನೋಡಿಕೊಂಡಿದ್ದೆವು.

ನಡುವೆ ದಾರಿ ತಪ್ಪಿದ ಪ್ರಯೋಗಗಳೂ ಇವೆ. ಸಿಡಿತವನ್ನು ಸೆಕೆಂಡಿಗೆ 120 ಫ್ರೇಮಿನಲ್ಲಿ, ಎಂದರೆ ನಿಧಾನಗತಿಯಲ್ಲಿ ಕಾಣುವಂತೆ, ತೆಗೆದುನೋಡಿದಾಗ ಹನಿಗಳು ಹವಳದಂತೆ ತೇಲಿ ಬಲು ಚೆಂದ ಕಂಡವು; ಚೆಂದವಾದ ಕೂಡಲೇ ನಗು ಸತ್ತಿತು. ಅದೇ ಸಿಡಿತವನ್ನು 22 ಫ್ರೇಮಿನಲ್ಲಿ ತೆಗೆದು 24ರಲ್ಲಿ ಓಡಿಸಿದಾಗ ಎಲ್ಲವೂ ಚೂರು ಅವಸರದಲ್ಲಿದ್ದಂತೆ ತೋರಿ ಸರಿಹೊಂದಿತು. 1984ರ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ನಲ್ಲಿ ಕೋಣೆಯನ್ನೇ ತಲೆಕೆಳಗಾಗಿ ತಿರುಗಿಸಿ, ಕೆಳಕ್ಕೆ ಸುರಿದ ರಕ್ತ ಮಂಚದಿಂದ ಛಾವಣಿಗೆ ಚಿಮ್ಮಿದಂತೆ ತೋರಿಸಿದ್ದಾರೆ. ಅದರ ಆಸೆಗೆ ಬಿದ್ದು ರಟ್ಟಿನ ಪೆಟ್ಟಿಗೆಯಲ್ಲಿ ಪುಟ್ಟ ಕೋಣೆ ಕಟ್ಟಿ, ಮಗುಚಿ, ಒಂದು ವಾರ ಆಡಿದೆ. ದೃಶ್ಯಕ್ಕೆ ಅದರಿಂದ ಏನೂ ಸಿಗಲಿಲ್ಲ, ಆದರೆ ಆ ಪೆಟ್ಟಿಗೆಯನ್ನು ಎಸೆದಿಲ್ಲ. ಶಬ್ದಕ್ಕೆ ಮೂಳೆ ಮುರಿಯುವ ಸದ್ದನ್ನೆಲ್ಲ ತೆಗೆಸಿ, ಒದ್ದೆ ಚರ್ಮದ ಬಟ್ಟೆಯನ್ನು ನಿಧಾನವಾಗಿ ಹಿಂಡುವ ಸದ್ದೊಂದನ್ನೇ ಉಳಿಸಿದೆ.

ಇನ್ನು ನಿಲುಗಡೆ. ಚೀಲ ತುಂಬಿ ಯಂತ್ರ ತಾನಾಗಿ ನಿಲ್ಲುತ್ತದೆ, ಸೋಫಾದ ಮೇಲಿನ ಹೆಂಡತಿಯ ಪಾತ್ರ ಅತ್ತ ತಿರುಗಿ ನೋಡುತ್ತದೆ, ಏನೂ ಆಗುವುದಿಲ್ಲ. ಸಂಕಲನಕಾರರು ಒಂದು ಸೆಕೆಂಡ್ ಸಾಕೆಂದರು. ಒಂದೂವರೆ, ನಾಲ್ಕು ಮತ್ತು ಏಳು ಸೆಕೆಂಡುಗಳ ಮೂರು ಪ್ರತಿ ಮಾಡಿ, ಮೂರು ಗುಂಪುಗಳಿಗೆ, ಒಂದೊಂದರಲ್ಲಿ ಮೂವತ್ತು ಜನರಿರಬಹುದು, ತೋರಿಸಿದೆವು. ಒಂದೂವರೆಗೆ ಬೆಚ್ಚಿದರು, ನಗಲಿಲ್ಲ. ಏಳಕ್ಕೆ ಪ್ರೊಜೆಕ್ಟರ್ ನಿಂತಿತೆಂದು ಕೆಲವರು ಹಿಂದಕ್ಕೆ ತಿರುಗಿದರು. ನಾಲ್ಕಕ್ಕೆ, ಮೂರನೆಯ ಸೆಕೆಂಡಿನಲ್ಲೇ ಯಾರೋ ಒಬ್ಬರು ಕಿಸಕ್ಕೆಂದರು. ಚೀಲ ಒಡೆದಾಗ ಚೀರಾಟ ಮತ್ತು ನಗು ಯಾವುದು ಯಾವುದೆಂದು ತಿಳಿಯದಂತೆ ಬೆರೆತು ಬಂತು. ಸಂಕಲನಕಾರರು ಏನೂ ಮಾತನಾಡದೆ ಉಳಿದ ಎರಡು ಪ್ರತಿಗಳನ್ನು ಅಳಿಸಿದರು.

ಎಲ್ಲ ಮುಗಿದ ಮೇಲೆ, ಪೂರ್ತಿ ಮೌನದಲ್ಲಿ, ಹೆಂಡತಿಯ ಕನ್ನಡಕದ ಬಲಗಾಜಿನ ಮೇಲೆ ಪಿಚಕ್ಕೆಂದು ಬೀಳುವ ಕೊನೆಯ ಹನಿಯ ಬಗ್ಗೆಯೇ ಹೆಚ್ಚು ಜನ ಕೇಳುತ್ತಾರೆ. ಬಣ್ಣದ ನೀರು ಕಣ್ಣಿಗೆ ಹೋಗದಿರಲೆಂದು ಆ ಪಾತ್ರಕ್ಕೆ ಕನ್ನಡಕ ಹಾಕಿಸಿದ್ದೆವು. ಅದರ ಮೇಲೆ ಹನಿ ಬೀಳಿಸುವ ಯೋಚನೆ ಸೆಟ್ಟಿನಲ್ಲಿ ಬಂದದ್ದು. ಎರಡು ಟೇಕಿನಲ್ಲೂ ಹನಿ ಅದೇ ಗಾಜಿನ ಅದೇ ಜಾಗಕ್ಕೆ ಬಿದ್ದದ್ದು ಹೇಗೆಂಬುದನ್ನು ಮುಂದಿನ ಚಿತ್ರ ಮುಗಿಯುವವರೆಗೆ ಹೇಳುವುದಿಲ್ಲ. ಗ್ರಾಫಿಕ್ಸ್ ಅಲ್ಲ ಎಂಬುದನ್ನಷ್ಟೇ ನಂಬಿ.

ಗೋಡೆಗಳಿಗೆ ತೊಳೆಯಬಹುದಾದ ಹೊಳಪು ಬಣ್ಣ ಬಳಿದಿದ್ದರಿಂದ ಎರಡನೆಯ ಟೇಕಿಗೆ ಮೂರು ಗಂಟೆಯಲ್ಲಿ ಸಿದ್ಧರಾದೆವು. ಒಟ್ಟು ಖರ್ಚು, ಹಾಳಾದ ಸಿಲಿಕೋನನ್ನೂ ಸೇರಿಸಿ, ಗ್ರಾಫಿಕ್ಸ್ ದರಪಟ್ಟಿಯ ಮೂರನೆಯ ಒಂದು ಭಾಗ ದಾಟಲಿಲ್ಲ. ಛಾವಣಿಗೆ ಮಾತ್ರ ಹೊಳಪು ಬಣ್ಣ ಬಳಿಸಲು ಮರೆತಿದ್ದೆ. ಅದನ್ನು ಮತ್ತೆ ಬಳಿಸಿದ ಕೂಲಿಯನ್ನು ನಿರ್ಮಾಪಕರು ನನ್ನ ಸಂಭಾವನೆಯಿಂದ ಮುರಿದುಕೊಂಡರು. ಮಿಕ್ಕ ಹದಿನೈದು ಲೀಟರ್ ರಕ್ತವನ್ನು ಮುಂದಿನ ಸಾವಿಗೆ ಇರಲೆಂದು ಡಬ್ಬಿಯಲ್ಲಿ ಮುಚ್ಚಿಟ್ಟೆ. ಬೂಸು ಹಿಡಿಯದಂತೆ ತಡೆಯುವ ಮೀಥೈಲ್ ಪ್ಯಾರಾಬೆನ್ ಹಾಕಲು ಮರೆತಿದ್ದರಿಂದ ಎರಡು ವಾರಕ್ಕೆ ಅದರ ಮೇಲೆ ಬೂದುಬಣ್ಣದ ತುಪ್ಪಳ ಬೆಳೆದಿತ್ತು.