ಒನ್ ಆನ್ ಒನ್: ಲೆಕ್ಕ ಒಪ್ಪಿಸುವ ಸರದಿ ಮೊದಲು ನನ್ನದು

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿರುವ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ನಾನು ಎಂಜಿನಿಯರ್‌ಗಳ ತಂಡವೊಂದನ್ನು ನೋಡಿಕೊಳ್ಳುತ್ತೇನೆ. ತಂಡದ ಪ್ರತಿಯೊಬ್ಬರೊಡನೆ ಎರಡು ವಾರಕ್ಕೊಮ್ಮೆ ಪ್ರತ್ಯೇಕವಾಗಿ ಕುಳಿತು ಮಾತನಾಡುವುದು ನನ್ನ ಕೆಲಸದ ಬಹುಮುಖ್ಯ ಭಾಗವೆಂದು ನಂಬಿದ್ದೇನೆ. ಒನ್ ಆನ್ ಒನ್ ಎಂಬ ಹೆಸರಿನಲ್ಲಿ ಈ ಭೇಟಿ ಅನೇಕ ಕಂಪನಿಗಳ ಕ್ಯಾಲೆಂಡರ್‌ನಲ್ಲಿ ಇರುತ್ತದಾದರೂ, ಬೆಳಗಿನ ಚುಟುಕು ತಂಡ-ಸಭೆಯಾದ ಸ್ಟ್ಯಾಂಡಪ್‌ನಲ್ಲಿ ಹೇಳಿದ್ದನ್ನೇ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಇನ್ನೊಮ್ಮೆ ಹೇಳಿಸುವುದರಲ್ಲೇ ಅದು ಮುಗಿದುಹೋಗುವುದನ್ನು ಹಲವು ಕಡೆ ಕಂಡಿದ್ದೇನೆ. ಯಾವ ಟಿಕೆಟ್, ಅಂದರೆ ಒಪ್ಪಿಸಿದ ಕೆಲಸ, ಮುಗಿಯಿತು, ಯಾವುದು ಬಾಕಿ ಉಳಿಯಿತು ಎಂಬುದು ಕೆಲಸಗಳ ಲೆಕ್ಕವಿಡುವ ಜಿರಾ ತಂತ್ರಾಂಶದಲ್ಲಿ ಎಲ್ಲರಿಗೂ ಕಾಣುವಂತೆ ಇದ್ದೇ ಇರುತ್ತದೆ. ಅದನ್ನು ಕೇಳಲು ಒಬ್ಬರನ್ನು ಅರ್ಧ ಗಂಟೆ ಕೂರಿಸಿಕೊಳ್ಳಬೇಕಾಗಿಲ್ಲ.

ಇಂಟೆಲ್ ಸಂಸ್ಥೆಯನ್ನು ಮುನ್ನಡೆಸಿದ ಆಂಡ್ರ್ಯೂ ಗ್ರೋವ್ 1980ರ ದಶಕದಲ್ಲೇ, ಈ ಭೇಟಿ ಕಿರಿಯ ಉದ್ಯೋಗಿಗೆ ಸೇರಿದ್ದು, ಏನು ಮಾತನಾಡಬೇಕೆಂಬುದನ್ನು ಅವರೇ ಸಿದ್ಧಪಡಿಸಿಕೊಂಡು ಬರಬೇಕು ಎಂದು ಬರೆದಿದ್ದರು. ಮ್ಯಾನೇಜರ್ ಹೀಗೆ ಕೊಡುವ 90 ನಿಮಿಷಗಳು ಆ ಉದ್ಯೋಗಿಯ ಮುಂದಿನ ಎರಡು ವಾರಗಳ, ಅಂದರೆ 80ಕ್ಕೂ ಹೆಚ್ಚು ಗಂಟೆಗಳ ಕೆಲಸವನ್ನು ಉತ್ತಮಗೊಳಿಸಬಲ್ಲವು ಎಂಬುದು ಅವರ ಲೆಕ್ಕವಾಗಿತ್ತು. ಎಷ್ಟು ದಿನಕ್ಕೊಮ್ಮೆ ಭೇಟಿಯಾಗಬೇಕೆಂಬುದನ್ನು ಒಟ್ಟು ಸೇವಾವಧಿಯಿಂದ ಅಳೆಯದೆ, ಕೈಯಲ್ಲಿರುವ ನಿರ್ದಿಷ್ಟ ಕೆಲಸದಲ್ಲಿ ಆ ವ್ಯಕ್ತಿಗೆ ಎಷ್ಟು ಪಳಗಿದ ಕೈ ಇದೆ ಎಂಬುದರಿಂದ ನಿರ್ಧರಿಸಬೇಕು ಎಂಬ ಅವರ ಮಾತನ್ನು ನಾನು ಹಾಗೆಯೇ ಪಾಲಿಸುತ್ತೇನೆ. ವರ್ಷಗಟ್ಟಲೆ ಟೆಸ್ಟಿಂಗ್ ಮಾಡಿ ನುರಿತವರು ಹೊಸದಾಗಿ ಡೇಟಾ ಎಂಜಿನಿಯರಿಂಗ್‌ಗೆ ಬಂದರೆ, ಅವರನ್ನು ಕೆಲವು ತಿಂಗಳು ವಾರಕ್ಕೊಮ್ಮೆ ಕಾಣುತ್ತೇನೆ.

ಆದರೆ ಈ ಸಮಯ ನಿಮ್ಮದು ಎಂದು ಹೇಳಿಬಿಟ್ಟ ಮಾತ್ರಕ್ಕೆ ನಮ್ಮಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ. ದೊಡ್ಡವರು ಕೇಳಿದಾಗ ಎದ್ದು ನಿಂತು ಉತ್ತರ ಕೊಟ್ಟು ಕುಳಿತುಕೊಳ್ಳುವುದನ್ನು ಶಾಲೆಯಿಂದಲೇ ಕಲಿತು ಬಂದವರಿಗೆ, ಮ್ಯಾನೇಜರ್ ಎದುರು ತಾವಾಗಿಯೇ ಬೇಡಿಕೆ ಇಡುವುದು ಸುಲಭವಲ್ಲ. “ಎಲ್ಲ ಚೆನ್ನಾಗಿದೆ ಮೇಡಂ” ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಆದ್ದರಿಂದ ನಾನು ಭೇಟಿಯನ್ನು ಪ್ರಶ್ನೆಯಿಂದ ಆರಂಭಿಸುವುದನ್ನೇ ಬಿಟ್ಟು, ಹಿಂದಿನ ಸಲ ಅವರು ಕೇಳಿದ್ದರಲ್ಲಿ ನಾನು ಏನನ್ನು ಮಾಡಿದೆ, ಯಾವುದು ಆಗಲಿಲ್ಲ, ಏಕೆ ಆಗಲಿಲ್ಲ ಎಂಬ ಲೆಕ್ಕವನ್ನು ಮೊದಲು ಒಪ್ಪಿಸುತ್ತೇನೆ. ಇಷ್ಟು ವರ್ಷಗಳಲ್ಲಿ ನಾನು ರೂಢಿಸಿಕೊಂಡ ಪದ್ಧತಿಗಳಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇನ್ನೊಂದಿಲ್ಲ.

ಉತ್ತರ ಕರ್ನಾಟಕದ ಕಡೆಯಿಂದ ಬಂದು ನಮ್ಮ ತಂಡ ಸೇರಿದ ಯುವತಿಯೊಬ್ಬರು, ಪರೀಕ್ಷೆಗೆ ಬಳಸುವ ಸರ್ವರನ್ನು ಇನ್ನೊಂದು ತಂಡವೂ ಬಳಸುವುದರಿಂದ ಕೆಲಸ ನಿಂತುಹೋಗುತ್ತದೆ ಎಂದು ಬಹಳ ಸಂಕೋಚದಿಂದ ಹೇಳಿದ್ದರು. ಮುಂದಿನ ಭೇಟಿಯಲ್ಲಿ ನಾನು, ಪ್ರತ್ಯೇಕ ಸರ್ವರ್‌ಗೆ ಹಣ ಏಪ್ರಿಲ್‌ವರೆಗೆ ಮಂಜೂರಾಗುವುದಿಲ್ಲವೆಂದೂ, ಅಲ್ಲಿಯತನಕ ಬೆಳಗಿನ ಹೊತ್ತು ಅದು ನಮಗೇ ಸಿಗುವಂತೆ ಆ ತಂಡದವರೊಡನೆ ಮಾತಾಗಿದೆಯೆಂದೂ ತಿಳಿಸಿದೆ. ಕೇಳಿದ್ದರಲ್ಲಿ ಅರ್ಧ ಮಾತ್ರ ಸಿಕ್ಕಿತ್ತು. ಆದರೂ, ಹೇಳಿದ ಮಾತು ಎಲ್ಲಿಗೋ ಹೋಗಿ ಉತ್ತರ ತಂದಿದೆ ಎಂಬುದು ಅವರಿಗೆ ಮನವರಿಕೆಯಾಯಿತು. ಅಂದೇ ಅವರು ನಿಜವಾದ ಕಷ್ಟವನ್ನು ಹೇಳಿದರು. ಅಮೆರಿಕದ ಪಶ್ಚಿಮ ಕರಾವಳಿಯ ತಂಡದೊಡನೆ ನಡೆಯುವ ಕಾಲ್, ಬೇಸಿಗೆಯಲ್ಲಿ ನಮ್ಮ ರಾತ್ರಿ ಎಂಟೂವರೆಗೆ ಇದ್ದದ್ದು, ನವೆಂಬರ್‌ನಲ್ಲಿ ಅಲ್ಲಿನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಲೇ ಒಂಬತ್ತೂವರೆಗೆ ಸರಿದಿತ್ತು. ಕಚೇರಿಯಲ್ಲೇ ಕುಳಿತು ಕಾಲ್ ಮುಗಿಸುವಷ್ಟರಲ್ಲಿ ಅವರ ಪಿಜಿಯ ಗೇಟು ಹಾಕಿರುತ್ತಿತ್ತು; ಕೋಣೆಯಿಂದಲೇ ಸೇರಿಕೊಳ್ಳೋಣವೆಂದರೆ ಮೂವರು ಮಲಗುವ ಕೋಣೆ. ಸ್ವಂತ ಮನೆಯಲ್ಲಿರುವ ನಮಗೆ ಇದು ಹೊಳೆಯುವ ಸಂಗತಿಯಲ್ಲ. ಆ ಕಾಲ್ ಅನ್ನು ಒಂದು ವಾರ ಅಮೆರಿಕದವರ ಬೆಳಿಗ್ಗೆಗೆ, ಇನ್ನೊಂದು ವಾರ ಅವರ ಸಂಜೆ ಏಳಕ್ಕೆ, ಎಂದರೆ ನಮ್ಮ ಬೆಳಿಗ್ಗೆ ಎಂಟೂವರೆಗೆ, ಹಂಚಿಕೊಳ್ಳಲು ಅಲ್ಲಿಯವರು ಒಪ್ಪಿದರು. ರಾತ್ರಿಯ ವಾರಗಳಲ್ಲಿ ಆಕೆಯ ಬದಲು ಬೇರೊಬ್ಬರು ಕೂರುವ ವ್ಯವಸ್ಥೆಯಾಯಿತು. ಕೇಳುವವರೆಗೂ ಯಾರೂ ಕೇಳಿರಲಿಲ್ಲ, ಅಷ್ಟೆ.

ಆಗುವುದಿಲ್ಲ ಎಂಬುದೂ ಒಂದು ಉತ್ತರವೇ. ಅದನ್ನು ಕಾರಣಸಹಿತ ಹೇಳಿದರೆ ಜನ ಸ್ವೀಕರಿಸುತ್ತಾರೆ. ನೋಡೋಣ ಎಂದು ಹೇಳಿ ಮರೆತರೆ ಮುಂದೆ ಏನನ್ನೂ ಹೇಳುವುದಿಲ್ಲ. ಅದಕ್ಕಾಗಿ ಇಬ್ಬರಿಗೂ ಕಾಣುವ ಒಂದು ದಾಖಲೆ ಇಟ್ಟುಕೊಂಡು, ಅವರು ಕೇಳಿದ್ದೇನು, ನಾನು ಯಾವ ದಿನಾಂಕದೊಳಗೆ ಉತ್ತರಿಸಬೇಕು ಎಂಬುದನ್ನಷ್ಟೇ ಅದರಲ್ಲಿ ಬರೆಯುತ್ತೇನೆ. ಮನೆಯ ವಿಚಾರ, ಆರೋಗ್ಯದ ವಿಚಾರ ಅದರಲ್ಲಿ ಬರುವುದಿಲ್ಲ. ಮಾತನಾಡುವಾಗ ಲ್ಯಾಪ್‌ಟಾಪ್ ಮುಚ್ಚಿರುತ್ತದೆ. ಎದುರಿಗಿರುವವರ ಮಾತಿಗೆ ತಕ್ಕಂತೆ ಕೀಲಿಮಣೆ ಸದ್ದು ಮಾಡಿದರೆ ಅದು ವಿಚಾರಣೆಯಂತೆ ಕೇಳಿಸುತ್ತದೆ.

ಪ್ರಶ್ನೆ ಕೇಳುವುದಾದರೆ ಅದು ನಿರ್ದಿಷ್ಟವಾಗಿರಬೇಕು. ತೊಂದರೆ ಏನಾದರೂ ಇದೆಯೇ ಎಂದರೆ ಇಲ್ಲ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಈ ಎರಡು ವಾರಗಳಲ್ಲಿ ಯಾವ ಕೆಲಸ ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಸಮಯ ತಿಂದಿತು ಎಂದು ಕೇಳಿ, ಅವರು ಯೋಚಿಸುವಷ್ಟು ಹೊತ್ತು ಸುಮ್ಮನಿದ್ದರೆ ಸಂಗತಿ ಹೊರಬರುತ್ತದೆ. ಕನ್ನಡ ಬಲ್ಲವರೊಡನೆ ನಾನು ಕನ್ನಡದಲ್ಲೇ ಮಾತನಾಡುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಕೆಲವರು ಸಭೆಗಳಲ್ಲಿ ಇಂಗ್ಲಿಷ್ ವಾಕ್ಯ ಜೋಡಿಸುವಷ್ಟರಲ್ಲಿ ಚರ್ಚೆ ಮುಂದಕ್ಕೆ ಹೋಗಿರುತ್ತದೆ. ಅವರ ತಾಂತ್ರಿಕ ಆಕ್ಷೇಪಣೆಗಳು ಎಷ್ಟು ಖಚಿತವಾಗಿವೆ ಎಂಬುದು ಈ ಭೇಟಿಯಲ್ಲೇ ನನಗೆ ತಿಳಿಯುವುದು.

ಗೌಪ್ಯತೆಯ ಮಿತಿಯನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಬೇಕು. ಯಾರಾದರೂ ಲೈಂಗಿಕ ಕಿರುಕುಳದ ಬಗ್ಗೆ ಹೇಳಿದರೆ, ಅದನ್ನು ನನ್ನ ಮಟ್ಟದಲ್ಲಿ ಬಗೆಹರಿಸಲು ನಾನು ಕೈಹಾಕುವುದಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಲಿಖಿತ ದೂರು, ಸಂಸ್ಥೆಯಲ್ಲಿ ಇದಕ್ಕೆಂದೇ ಇರುವ ಆಂತರಿಕ ಸಮಿತಿಗೆ ಘಟನೆ ನಡೆದ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತಲುಪಬೇಕು. ಒಳ್ಳೆಯ ಉದ್ದೇಶದ ಮ್ಯಾನೇಜರ್ ಸಮಾಧಾನ ಹೇಳುತ್ತಾ ಕಾಲ ಕಳೆದರೂ ಆ ಅವಧಿ ನಿಲ್ಲುವುದಿಲ್ಲ. ನಿದ್ದೆ ಬಾರದು, ಬದುಕೇ ಬೇಡವೆನಿಸುತ್ತದೆ ಎಂಬಂಥ ಮಾತು ಬಂದಾಗ ಗಮನವಿಟ್ಟು ಕೇಳುತ್ತೇನೆ, ಅವರನ್ನು ಒಂಟಿಯಾಗಿ ಬಿಡುವುದಿಲ್ಲ. ಆದರೆ ನಾನು ಆಪ್ತಸಮಾಲೋಚಕಿಯಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೂ ಮಾತನಾಡಬಹುದು. ನಮ್ಮ ನಿಮ್ಹಾನ್ಸ್ ಈ ಸೇವೆಗೆ ರಾಷ್ಟ್ರಮಟ್ಟದ ಮುಖ್ಯ ಕೇಂದ್ರ. ಆ ಸಂಖ್ಯೆಯನ್ನು ಕೊಟ್ಟು, ಅವರು ಬಯಸಿದರೆ ಕರೆ ಮಾಡುವಾಗ ಜೊತೆಗಿರುತ್ತೇನೆ.

ಅಡೋಬಿ ಸಂಸ್ಥೆ 2012ರಲ್ಲಿ ವಾರ್ಷಿಕ ಮೌಲ್ಯಮಾಪನವನ್ನು ಕೈಬಿಟ್ಟು, ವರ್ಷದುದ್ದಕ್ಕೂ ನಡೆಯುವ ಇಂಥ ಮಾತುಕತೆಗಳಿಗೆ ಬದಲಾಯಿತು. ನಮ್ಮಲ್ಲಿ ಅಪ್ರೈಸಲ್ ಇನ್ನೂ ಉಳಿದಿದೆ. ಹಾಗಿದ್ದರೂ, ಜುಲೈನಲ್ಲಿ ಕಂಡ ಕೊರತೆಯನ್ನು ಮಾರ್ಚ್‌ವರೆಗೆ ಕಟ್ಟಿಟ್ಟುಕೊಂಡು ರೇಟಿಂಗ್ ಕೊಡುವ ದಿನ ಬಿಚ್ಚುವುದು ಅನ್ಯಾಯವೆಂದೇ ನನ್ನ ನಿಲುವು. ಅದನ್ನು ಆಯಾ ಪಾಕ್ಷಿಕ ಭೇಟಿಯಲ್ಲೇ, ಯಾವ ಕೋಡ್, ಯಾವ ಇಮೇಲ್ ಎಂಬ ವಿವರದೊಂದಿಗೆ ಹೇಳುತ್ತೇನೆ.

ತಂಡ ಬದಲಾಗುವವರಿಗಾಗಿ ಇನ್ನೊಂದು ಭೇಟಿ ಇಟ್ಟುಕೊಂಡಿದ್ದೇನೆ. ಮ್ಯಾನೇಜರ್ ಬದಲಾದರೆ ಬಡ್ತಿಯ ಮಾತು, ತರಬೇತಿಯ ಮಾತು, ಊರಿನಿಂದ ಕೆಲಸ ಮಾಡಲು ಕೊಟ್ಟ ಒಪ್ಪಿಗೆ ಎಲ್ಲವೂ ಮತ್ತೆ ಮೊದಲಿಗೇ ಬಂದು ನಿಲ್ಲುವುದು ಸಾಮಾನ್ಯ. ಹಾಗಾಗದಿರಲೆಂದು ಹೊಸ ಮ್ಯಾನೇಜರನ್ನೂ ಕರೆದು ಮೂವರೂ ಕುಳಿತು, ಆ ದಾಖಲೆಯಲ್ಲಿ ನಾನು ಒಪ್ಪಿಕೊಂಡು ಇನ್ನೂ ಮುಗಿಸದಿರುವ ಒಂದೊಂದನ್ನೂ ಓದಿ, ಯಾವುದನ್ನು ಅವರು ವಹಿಸಿಕೊಳ್ಳುತ್ತಾರೆ, ಯಾವುದನ್ನು ನಾನೇ ಮುಗಿಸಬೇಕು ಎಂದು ಆ ಉದ್ಯೋಗಿಯ ಎದುರಿನಲ್ಲೇ ಬರೆದುಕೊಳ್ಳುತ್ತೇವೆ.