ಏಡಿ ಬಿಲ ಮುಚ್ಚಿದ ಮೇಲೆ ಸ್ವಾಟ್ ಲೆಕ್ಕ ಕೂಡಿತು

ಸ್ವಾಟ್ ಅಂದರೆ ಮಣ್ಣು, ನೀರು, ಬೆಳೆಯ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್. ಅದು ನದಿ ಕೊಳ್ಳಕ್ಕೆ ಸರಿ, ಒಂದು ತೂಬಿನಡಿಯ ಗದ್ದೆಗೆ ಆಗಲ್ಲ ಅಂದವರೇ ಎಲ್ಲ. ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ, ಸುಮಾರು 60 ಎಕರೆ ಸೋನಾ ಮಸೂರಿಗೆ ನಾನು ಮಾಡಿದೆ. ಆಯ್ತು.

ಮೊದಲ ಮುಂಗಾರಿನಲ್ಲಿ ಮಾತ್ರ ಮರ್ಯಾದೆ ಹೋಯಿತು. ಮಾಡೆಲ್ ಕೇಳಿದ ನೀರು ಬರೀ 420 ಮಿ.ಮೀ., ಇಳುವರಿ ಎಕರೆಗೆ 24 ಚೀಲ. ಕಾಕಾ ನಕ್ಕರು: "ಇಷ್ಟು ನೀರಾಗ ಜೋಳ ಬೆಳಿತೈತಿ, ನೆಲ್ಲಲ್ಲಪ್ಪ." ಬಂದದ್ದು 37 ಚೀಲ, 75 ಕೆಜಿಯವು. ನಿಂತ ನೀರೇ ನನ್ನ ಲೆಕ್ಕದಲ್ಲಿ ಇರಲಿಲ್ಲ. ಸಾಲದ್ದಕ್ಕೆ ಹೀಟ್ ಯೂನಿಟ್ (ಬೆಳೆ ಮಾಗಲು ಬೇಕಾದ ಒಟ್ಟು ಬಿಸಿಲಿನ ಶಾಖ) ಡೀಫಾಲ್ಟ್ ಬಿಟ್ಟಿದ್ದೆ, ಮಾಡೆಲ್‌ನಲ್ಲಿ ಬೆಳೆ 20 ದಿನ ಮೊದಲೇ ಮಾಗಿತ್ತು.

ಮಾಡೆಲ್‌ನಲ್ಲಿ ನಿಂತ ನೀರು ತೋರಿಸುವ ಪಾಟ್‌ಹೋಲ್ ಹಾಕಿದರೆ ಮುಗೀತು ಅಂತಾರೆ. ಮುಗಿಯಲ್ಲ, ಇಂಗುವ ನೀರು ಎಷ್ಟು ಅಂತ ಗೊತ್ತಿರಬೇಕಲ್ವಾ? 14,000 ಕೊಟ್ಟು ತಂದ ಸೆನ್ಸರ್ ಒಂಬತ್ತನೇ ದಿನ ಕೆಸರು ಕುಡಿದು ಸತ್ತಿತು. ಆಮೇಲೆ 600ರ ಎರಡು ಡ್ರಮ್ ತಂದು, ಒಂದರ ತಳ ಕೊಯ್ದು, ಎರಡನ್ನೂ ಗದ್ದೆಯಲ್ಲಿ ಹೂತು ದಿನಾ ಬೆಳಿಗ್ಗೆ ಸ್ಕೇಲ್ ಇಟ್ಟು ನೋಡಿದೆ. ಎರಡರ ಇಳಿತದ ವ್ಯತ್ಯಾಸವೇ ಇಂಗಿದ ನೀರು: ದಿನಕ್ಕೆ 3 ಮಿ.ಮೀ., ಎರೆಮಣ್ಣಿಗೆ ಸರಿ. ಆದರೆ ತಳವಿಲ್ಲದ ಡ್ರಮ್ಮಿಗಿಂತ ಹೊರಗಿನ ಗದ್ದೆ ಇನ್ನೂ 5 ಮಿ.ಮೀ. ಜಾಸ್ತಿ ಇಳಿಯುತ್ತಿತ್ತು! ಬದು ಸುತ್ತಿ ನೋಡಿದರೆ ಏಡಿ ಬಿಲಗಳು, ಪಕ್ಕದವರ ಗದ್ದೆಗೆ ಸುಮ್ನೆ ನೀರು. ಅರ್ಧದಷ್ಟು ಬಿಲ ಮುಚ್ಚಿಸಿದೆವು, ಉಳಿದ ಸೋರಿಕೆಯನ್ನು ಮಾಡೆಲ್‌ಗೆ ಸೇರಿಸಿದೆ. ಹೇಗೆ ಸೇರಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮರುವರ್ಷ ಮಾಡೆಲ್ 1,000 ಮಿ.ಮೀ. ಅಂದಿತು, ತೂಬಿಗೆ ಕೂರಿಸಿದ, ಹರಿವು ಅಳೆಯುವ ವಿ-ನಾಚ್ (ವಿ ಆಕಾರದ ಕಚ್ಚಿನ) ತಗಡಿನಲ್ಲಿ 1,050 ಆಸುಪಾಸು. ಇಳುವರಿ 35 ಅಂದಿತ್ತು, 36 ಬಂತು. ಕಾಕಾ ಮಾತಾಡಲಿಲ್ಲ.

ನಡುವೆ ಎರಡು ಎಕರೆಯಲ್ಲಿ ತೂತಿನ ಪಿವಿಸಿ ಪೈಪ್ ನೆಟ್ಟು, ನೀರು ಮಣ್ಣಿನಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ ಮಾತ್ರ ಹಾಯಿಸಿದೆವು. ಮೂರು ಸಲದ ನೀರು ಉಳಿಯಿತು, ಕಳೆ ಕೂಲಿ 1,800 ಜಾಸ್ತಿ ಆಯಿತು.

2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಎಲ್ಲರದೂ ಒಂದೇ ಪ್ರಶ್ನೆ: ನೀರು ತಪ್ಪಿದರೆ ಎಷ್ಟು ಚೀಲ ಹೋಗುತ್ತೆ? ರಾತ್ರಿ ಕೂತು ಮಾಡೆಲ್ ಓಡಿಸಿ ಚೀಟಿಯಲ್ಲಿ ಬರೆದೆ. ಕೊನೆಯ 20 ದಿನ ತಪ್ಪಿದರೆ ಎರಡು ಚೀಲ, ತೆನೆ ಬಿಡುವಾಗ 12 ದಿನ ತಪ್ಪಿದರೆ ಹನ್ನೊಂದು. ಒಂದು ವಾರದಲ್ಲಿ ಸ್ಟಾಪ್‌ಲಾಗ್ (ಗೇಟಿನ ಜಾಗ ಮುಚ್ಚುವ ತಾತ್ಕಾಲಿಕ ಉಕ್ಕಿನ ಹಲಗೆ) ಇಳಿಸಿದರು, ನಮಗೆ ನೀರು ತಪ್ಪಲಿಲ್ಲ. ಆ ಚೀಟಿ ಮಾತ್ರ ಕಾಕಾ ಜೇಬಿನಲ್ಲಿ ಇನ್ನೂ ಇದೆ.