ಹೊಸ ಚಿಂಚಿಲ್ಲಾ ಏನು ಹೇಳ್ತಿದೆ? ಸದ್ದು, ನಡವಳಿಕೆ ಗುರುತಿಸೋದು ಹೀಗೆ

ಚಿಂಚಿಲ್ಲಾ, ಅಂದರೆ ಇಲಿ, ಅಳಿಲುಗಳ ಬಳಗದ ಪುಟ್ಟ ಸಾಕುಪ್ರಾಣಿ, ಮನೆಗೆ ಬಂದ ಮೊದಲ ಕೆಲವು ದಿನ ಅದನ್ನು ಎತ್ತಿಕೊಳ್ಳಬೇಡಿ. ಅಷ್ಟು ಮೆತ್ತಗಿನ ರೋಮ ನೋಡಿದರೆ ಕೈ ಸುಮ್ನೆ ಇರಲ್ಲ, ನಿಜ. ಆದರೆ ಇದು ಚಿಲಿ ದೇಶದ ಆಂಡಿಸ್ ಬೆಟ್ಟಗಳ ಬಂಡೆ ಸಂದಿಗಳಲ್ಲಿ ಗುಂಪಾಗಿ ಬದುಕುವ ಪ್ರಾಣಿ, ಗೂಬೆ, ನರಿಗಳಿಗೆಲ್ಲ ಇದೇ ಊಟ, ಹಾಗಾಗಿ ಮೇಲಿನಿಂದ ಇಳಿದು ಬರುವ ಯಾವ ಕೈ ಕಂಡರೂ ಅದಕ್ಕೆ ಜೀವಭಯ. ಕತ್ತಲಾಗುವ ಹೊತ್ತಿಗೆ ಪಂಜರದ ಪಕ್ಕ ಕೂತು ಕೇಳಿಸಿಕೊಳ್ಳಿ, ಸಾಕು. ಹಗಲಲ್ಲಿ ನಿದ್ದೆ ಮಾಡುತ್ತದೆ. ಎಬ್ಬಿಸಬೇಡಿ.

ಜಾಸ್ತಿ ಕೇಳಿಸೋದು ಮೆಲ್ಲಗೆ ಗೊಣಗುವ ಸದ್ದು, ಊಂ ಊಂ ಅಂತ. ಗುಂಪಿನಲ್ಲಿ ಒಂದಕ್ಕೊಂದು ‘ಇಲ್ಲೇ ಇದ್ದೀನಿ’ ಅಂತ ಹೇಳಿಕೊಳ್ಳುವುದು ಹೀಗೇ. ನಿಮ್ಮನ್ನು ನೋಡಿ ಹಾಗೆ ಗೊಣಗಿದರೆ ಒಳ್ಳೆಯ ಸೂಚನೆ. ನೀವೂ ಸಣ್ಣ ದನಿಯಲ್ಲಿ ಮಾತಾಡಿ.

ನಡುರಾತ್ರಿ ಒಮ್ಮೆಗೇ ಜೋರಾಗಿ, ಬಿಟ್ಟು ಬಿಟ್ಟು ಬೊಗಳಿದ ಹಾಗೆ ಕೂಗಿದರೆ ಗಾಬರಿಯಾಗುತ್ತದೆ, ಅಲ್ವಾ? ಅದು ಅಪಾಯದ ಕೂಗು. ಕಿಟಕಿಯಾಚೆ ಬೆಕ್ಕು ಬಂದಿರಬಹುದು, ಏನೋ ಬಿದ್ದ ಸದ್ದಾಗಿರಬಹುದು, ಕೆಲವು ಸಲ ನಮಗೆ ಕಾರಣವೇ ಗೊತ್ತಾಗಲ್ಲ. ಓಡಿ ಹೋಗಿ ಲೈಟ್ ಹಾಕಿ ಎತ್ತಿಕೊಳ್ಳಬೇಡಿ, ಭಯ ಇನ್ನೂ ಹೆಚ್ಚುತ್ತದೆ. ನಿಧಾನವಾಗಿ ಹತ್ತಿರ ಹೋಗಿ, ಹೆಸರು ಹಿಡಿದು ಮೆಲ್ಲಗೆ ಮಾತಾಡಿಸಿ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ತಾನೇ ನಿಲ್ಲಿಸುತ್ತದೆ.

ಹಲ್ಲು ಕಟಕಟಿಸುತ್ತಾ ‘ಕ್ಯಾಕ್ ಕ್ಯಾಕ್’ ಅಂದರೆ ಮಾತ್ರ ಸಿಟ್ಟು. ಆಗ ಹಿಂಗಾಲಿನ ಮೇಲೆ ನೆಟ್ಟಗೆ ನಿಂತು, ಗುರಿಯಿಟ್ಟು ಮೂತ್ರ ಚಿಮ್ಮಿಸುವುದೂ ಉಂಟು, ಹೆಣ್ಣುಗಳು ಇದರಲ್ಲಿ ಮುಂದು. ಬೈಯಬೇಡಿ, ಹಿಂದೆ ಸರಿಯಿರಿ. ಅಂಥ ಹೊತ್ತಿನಲ್ಲಿ ಬಲವಂತವಾಗಿ ಹಿಡಿದರೆ ಒಂದು ಹಿಡಿ ರೋಮ ನಿಮ್ಮ ಕೈಯಲ್ಲೇ ಉಳಿದು ಪ್ರಾಣಿ ಜಾರಿಕೊಳ್ಳುತ್ತದೆ. ಶತ್ರುವಿನ ಬಾಯಿಂದ ತಪ್ಪಿಸಿಕೊಳ್ಳೋಕೆ ಇರುವ ಉಪಾಯ ಅದು, ಮತ್ತೆ ಬೆಳೆಯೋಕೆ ತಿಂಗಳುಗಳೇ ಬೇಕು.

ಹಲ್ಲಿನ ಸದ್ದಿನ ಬಗ್ಗೆ ಮಾತ್ರ ತುಂಬ ಗಮನ ಬೇಕು. ಗದ್ದದ ಕೆಳಗೆ ಕೆರೆದಾಗ ಕಣ್ಣು ಅರ್ಧ ಮುಚ್ಚಿ ಮೆಲ್ಲಗೆ ಹಲ್ಲು ಮಸೆದರೆ ಅದು ಖುಷಿ. ಅದೇ ಸದ್ದು ಮೂಲೆಯಲ್ಲಿ ಮುದುರಿ ಕೂತಾಗ ಬಂದರೆ, ಗದ್ದ ಜೊಲ್ಲಿನಿಂದ ಒದ್ದೆಯಾಗಿದ್ದರೆ, ಹುಲ್ಲನ್ನು ಬಾಯಿಗಿಟ್ಟು ಮತ್ತೆ ಬೀಳಿಸುತ್ತಿದ್ದರೆ, ನೋವಿದೆ ಅಂತ ತಿಳಿಯಿರಿ. ಇದರ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಒಣಹುಲ್ಲು ಅಗಿಯುವುದು ಕಡಿಮೆಯಾದರೆ ದವಡೆ ಹಲ್ಲು ಸವೆಯದೆ ಉದ್ದವಾಗಿ ಬಾಯಿಗೇ ಚುಚ್ಚುತ್ತದೆ. ಅಂದಹಾಗೆ, ಮುಂದಿನ ಹಲ್ಲು ಕಿತ್ತಳೆ ಬಣ್ಣ ಇದ್ದರೆ ಅದೇ ಆರೋಗ್ಯ. ಬಿಳಿಚಿಕೊಂಡರೆ ಡಾಕ್ಟರಿಗೆ ತೋರಿಸಿ.

ಇದ್ದಕ್ಕಿದ್ದಂತೆ ಗಾಳಿಯಲ್ಲಿ ಕುಪ್ಪಳಿಸೋದು, ಗೋಡೆಗೆ ಕಾಲು ಒದ್ದು ತಿರುಗಿ ಹಾರೋದು, ಎಲ್ಲ ಆಟ. ಜ್ವಾಲಾಮುಖಿ ಬೂದಿಯ ನುಣ್ಣನೆ ಪುಡಿಯಲ್ಲಿ ಹೊರಳಾಡುವುದೇ ಅದರ ಸ್ನಾನ. ವಾರಕ್ಕೆ ಎರಡು ಮೂರು ಸಲ ಹತ್ತು ಹದಿನೈದು ನಿಮಿಷ ಪುಡಿ ಇಡಿ, ಆಮೇಲೆ ತೆಗೆಯಿರಿ. ನೀರಿನ ಸ್ನಾನ ಮಾಡಿಸಲೇಬೇಡಿ, ಅಷ್ಟು ದಟ್ಟ ರೋಮ ಬೇಗ ಒಣಗಲ್ಲ.

ಕಿವಿ ಕೆಂಪಾಗಿ, ಕೈಕಾಲು ಚಾಚಿ ಬಿದ್ದುಕೊಂಡು ಏದುಸಿರು ಬಿಡುತ್ತಿದ್ದರೆ ತಡ ಮಾಡಬೇಡಿ, ಅದು ಬಿಸಿಲಾಘಾತ. ತಂಪು ಜಾಗಕ್ಕೆ ಒಯ್ದು ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. 25 ಡಿಗ್ರಿ ದಾಟಿದರೇ ಇದಕ್ಕೆ ಕಷ್ಟ, ಮೈ ಬೆವರುವುದಿಲ್ಲವಾದ್ದರಿಂದ ಫ್ಯಾನ್ ಗಾಳಿಯಿಂದ ಹೆಚ್ಚು ಪ್ರಯೋಜನವಿಲ್ಲ. ಬೆಂಗಳೂರಿನ ಏಪ್ರಿಲ್ ನೆನೆಸಿಕೊಳ್ಳಿ. ಎಸಿ ಕೋಣೆ, ಕರೆಂಟ್ ಹೋದರೆ ಬದಲಿ ವ್ಯವಸ್ಥೆ ಇಲ್ಲದಿದ್ದರೆ ಇಲ್ಲಿ ಸಾಕುವ ಯೋಚನೆ ಬಿಡುವುದೇ ಅದಕ್ಕೆ ಮಾಡುವ ಉಪಕಾರ.

ಇಷ್ಟೆಲ್ಲ ಸದ್ದಿಗಿಂತ ನನಗೆ ಜಾಸ್ತಿ ಭಯ ಹುಟ್ಟಿಸೋದು ಸದ್ದೇ ಇಲ್ಲದಿರುವುದು. ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುವ ಪ್ರಾಣಿ ಇದು. ದಿನಾ ಬೆಳಿಗ್ಗೆ ಹಿಕ್ಕೆ ನೋಡಿ: ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪ, ಕಂದು ಬಣ್ಣ, ರಾಶಿ ರಾಶಿ ಇರಬೇಕು. ಸಣ್ಣಗಾಗಿದ್ದರೆ, ಕಡಿಮೆಯಾಗಿದ್ದರೆ, ಹುಲ್ಲು ಹಾಗೇ ಉಳಿದಿದ್ದರೆ ಕರುಳಿನ ಚಲನೆ ನಿಲ್ಲುತ್ತಿರಬಹುದು. ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಕರೆದೊಯ್ಯಿರಿ. ನಾಯಿ ಬೆಕ್ಕು ನೋಡುವ ಎಲ್ಲ ಡಾಕ್ಟರಿಗೂ ಚಿಂಚಿಲ್ಲಾ ನೋಡಿ ಅಭ್ಯಾಸ ಇರಲ್ಲ. ಮೊಲ, ಗಿನಿಪಿಗ್ ನೋಡುವವರು ಹತ್ತಿರದಲ್ಲಿ ಯಾರಿದ್ದಾರೆ ಅಂತ ಈಗಲೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ, ಅರ್ಥವಾಗದ ಸದ್ದು ಕೇಳಿದರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿ ಅವರಿಗೆ ತೋರಿಸಿ.